ಗುಜರಿಯಿಂದ ಬಂದ ಬಿರಿ

ಎತ್ತಿನ ಗಾಡಿಯ ಚಕ್ರಗಳ ಹಿಂದೆ ಒಂದು ಅಡ್ಡಮರವನ್ನು ಹಗ್ಗದಿಂದ ತೂಗುಬಿಟ್ಟಿರುತ್ತಿದ್ದುದನ್ನು ಹಳ್ಳಿಯ ನೆನಪುಳ್ಳ ಶ್ರೋತೃಗಳು ಬಲ್ಲರು. ಇಳಿಜಾರು ಬಂದೊಡನೆ ಗಾಡಿಯವನು ಹಗ್ಗವನ್ನು ಬಿಗಿಯುವನು. ಮರವು ಚಕ್ರದ ಕಬ್ಬಿಣದ ಪಟ್ಟೆಗೆ ಒತ್ತಿ ಕಿರ್ರೆಂದು ಅರಚುವುದು. ಎತ್ತುಗಳ ಹೆಗಲಿನ ಭಾರ ಇಳಿಯುವುದು. ಇದಕ್ಕೆ ನಮ್ಮವರು ಬಿರಿ ಎಂದರು. ಮೋಟಾರು ಬಂದ ಮೇಲೆ ಈ ಚೊಕ್ಕ ಪದ ನಿಘಂಟಿನ ಮೂಲೆ ಸೇರಿತು. ‘ಗತಿರೋಧಕ’ವೆಂಬ ಘನವಾದ ಶಬ್ದವನ್ನು ಬಳಕೆಗೆ ತರಲು ಶ್ರಮಿಸಿದ ವಿದ್ವಾಂಸರೂ ಎದುರಿಗೆ ಎಮ್ಮೆ ಅಡ್ಡ ಬಂದಾಗ ‘ಬ್ರೇಕು ಹಾಕಪ್ಪಾ’ ಎಂದೇ ಕೂಗುತ್ತಿದ್ದಿರಬೇಕೆಂದು ನನ್ನ ಊಹೆ. ಪ್ರಾಣಭಯದಲ್ಲಿ ಯಾರೂ ತತ್ಸಮ ಪದಗಳನ್ನು ಹುಡುಕುವುದಿಲ್ಲ.

ಹಳೆಯ ಕಾರೊಂದರ ಬ್ರೇಕನ್ನು ಗುಜರಿಯಲ್ಲಿ ಆಯ್ದು ತಂದ ಭಾಗಗಳಿಂದ ಉತ್ತಮಪಡಿಸುವ ವಿಷಯವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿದವನಿಗೆ ಕಾರಿನ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಓಲೆಗರಿಯ ಪ್ರತಿಗಳೊಡನೆ ಸ್ವಲ್ಪವಾದರೂ ಒಡನಾಡಿದವನಿಗೆ ಇದು ತೀರ ಅಪರಿಚಿತವಾದ ಕೆಲಸವಲ್ಲ. ಒಂದು ಪ್ರತಿಯಲ್ಲಿ ಗೆದ್ದಲು ತಿಂದ ಗರಿಯ ಪಾಠವನ್ನು ಇನ್ನೊಂದು ಪ್ರತಿಯಿಂದ ತುಂಬಿಕೊಳ್ಳುತ್ತೇವೆ. ಆಗ ಮೊದಲು ಕೇಳಬೇಕಾದ ಪ್ರಶ್ನೆ, ಈ ಎರಡು ಪ್ರತಿಗಳೂ ಒಂದೇ ಪರಂಪರೆಗೆ ಸೇರಿದವೇ ಎಂಬುದು. ಎರಡನೆಯದು, ತುಂಬಲು ತಂದ ಪಾಠವೇ ಭ್ರಷ್ಟವಾಗಿದ್ದರೆ ಏನು ಗತಿ ಎಂಬುದು. ಕಾರಿನ ವಿಚಾರದಲ್ಲಿಯೂ ಪ್ರಶ್ನೆಗಳು ಇವೇ. ಆದರೆ ಗ್ರಂಥ ಸಂಪಾದನೆಯಲ್ಲಿ ತಪ್ಪಿದರೆ ಒಬ್ಬ ವಿಮರ್ಶಕ ಬೈಯುತ್ತಾನೆ, ಅಷ್ಟೆ. ಇಲ್ಲಿ ತಪ್ಪಿದರೆ ಹೋಗುವುದು ಪ್ರಾಣ.

ನನ್ನ ಅಕ್ಕನ ಮನೆಯಲ್ಲಿ 1976ರ ಒಂದು ಅಂಬಾಸಡರ್ ಕಾರಿದೆ. ಭಾವನವರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಅದನ್ನು ಮಾರಲು ಯಾರಿಗೂ ಮನಸ್ಸಾಗಲಿಲ್ಲ. ಓಡಿಸಲು ಧೈರ್ಯವೂ ಆಗಲಿಲ್ಲ. ಧೈರ್ಯವಾಗದಿರಲು ಕಾರಣವಿತ್ತು. 1983ರ ಮಳೆಗಾಲದಲ್ಲಿ ಆಗುಂಬೆ ಘಾಟಿಯನ್ನು ಇಳಿಯುತ್ತಿದ್ದಾಗ ಭಾವನವರ ಕಾಲ ಕೆಳಗೆ ಬ್ರೇಕಿನ ಪೆಡಲು ಮೆತ್ತಗಾಗುತ್ತ ಬಂದು, ಒಂದು ತಿರುವಿನಲ್ಲಿ ಒತ್ತಿದಷ್ಟೂ ಕೆಳಗಿಳಿಯಿತೇ ಹೊರತು ಗಾಡಿ ಹಿಡಿತಕ್ಕೆ ಬರಲಿಲ್ಲ. ಅವರು ಗೇರು ಇಳಿಸಿ, ಕೈಬ್ರೇಕು ಎಳೆದು, ಕಾರಿನ ಎಡಮಗ್ಗುಲನ್ನು ದರೆಗೆ ಉಜ್ಜಿಸಿ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ಮಡಿಲಲ್ಲಿ ಎರಡು ವರ್ಷದ ಮಗ. ಅರ್ಧ ಗಂಟೆ ಕಳೆದು ಎಲ್ಲ ತಣ್ಣಗಾದ ಮೇಲೆ ಅದೇ ಬ್ರೇಕು ಏನೂ ಆಗದಂತೆ ಕೆಲಸಮಾಡಿತು. ಅಕ್ಕನಿಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ. ಕೆಟ್ಟದ್ದು ಕೆಟ್ಟೇ ಇದ್ದರೆ ನಂಬಬಹುದು. ಕೆಟ್ಟು ಸರಿಯಾದದ್ದನ್ನು ಹೇಗೆ ನಂಬುವುದು?

ಅಂದು ಮಡಿಲಲ್ಲಿದ್ದ ನನ್ನ ಸೋದರಳಿಯ ಈಗ ತನ್ನ ಮಕ್ಕಳನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ಹೋಗಬೇಕೆಂದು ಹಟಹಿಡಿದ. ಬ್ರೇಕು ಬದಲಾಗದೆ ಮೊಮ್ಮಕ್ಕಳು ಅದನ್ನು ಹತ್ತಕೂಡದೆಂದು ಅಕ್ಕ ಅಪ್ಪಣೆ ಕೊಡಿಸಿದಳು. “ಇವನ ಜೊತೆ ನೀನೂ ಹೋಗು. ಇವನಿಗೆ ಕಾರಿನ ಮೇಲೆ ಪ್ರೀತಿ, ನಿನಗೆ ಎಲ್ಲದರ ಮೇಲೂ ಅನುಮಾನ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯನಾಗುತ್ತೀರಿ” ಎಂದಳು.

ಘಾಟಿಯಲ್ಲಿ ನಡೆದದ್ದೇನೆಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಬ್ರೇಕು ವೇಗವನ್ನು ನಾಶಮಾಡುವುದಿಲ್ಲ, ಶಾಖವಾಗಿ ಮಾರ್ಪಡಿಸುತ್ತದೆ. ನಾಲ್ವರು ಕುಳಿತ, ಒಟ್ಟು 1400 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 3,45,000 ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಬಿಸಿಗೆ ತರಲು ಅಷ್ಟು ಸಾಕು. ವೇಗ 40ಕ್ಕೆ ಇಳಿದರೆ ಶಕ್ತಿ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಇದು ಒಂದು ಸಲ ನಿಲ್ಲಿಸಿದರೆ ಆಗುವ ಮಾತು. ಘಾಟಿಯಲ್ಲಿ ಐದುನೂರು ಮೀಟರು ಕೆಳಗಿಳಿಯುತ್ತೇವೆಂದು ಇಟ್ಟುಕೊಂಡರೆ ಲೆಕ್ಕ 68 ಲಕ್ಷ ಜೂಲಿಗೆ ಏರುತ್ತದೆ. ಎಂದರೆ ಇಪ್ಪತ್ತು ಲೀಟರಿಗೂ ಮಿಕ್ಕ ನೀರನ್ನು ಕುದಿಸುವ ಶಾಖ. ಅದರಲ್ಲೊಂದು ಪಾಲನ್ನು ಎಂಜಿನ್ನೂ ಗಾಳಿಯೂ ಹಂಚಿಕೊಳ್ಳುತ್ತವೆ. ಉಳಿದದ್ದೆಲ್ಲವೂ ಹೋಗುವುದು ನಾಲ್ಕು ಕಬ್ಬಿಣದ ಡ್ರಮ್ಮುಗಳೊಳಕ್ಕೆ.

ಡ್ರಮ್ಮೆಂಬುದು ಒಂದು ಮುಚ್ಚಿದ ಪಾತ್ರೆ. ಅದರೊಳಗೆ ಅರ್ಧಚಂದ್ರಾಕೃತಿಯ ಎರಡು ಶೂಗಳು ಹೊರಮುಖವಾಗಿ ಅಗಲಿ, ತಿರುಗುವ ಗೋಡೆಗೆ ಒತ್ತುತ್ತವೆ. ಈ ರಚನೆಯಲ್ಲಿ ಒಂದು ಜಾಣತನವಿದೆ. ಮುಮ್ಮುಖವಾದ ಶೂವನ್ನು ತಿರುಗುವ ಡ್ರಮ್ಮೇ ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಕಾಲಿನ ಬಲ ಕಡಮೆ ಸಾಕು. ಆದರೆ ಪಾತ್ರೆ ಕಾದಾಗ ಹಿಗ್ಗುತ್ತದೆ. ಹಿಗ್ಗಿದ ಗೋಡೆ ಶೂಗಳಿಂದ ದೂರ ಸರಿಯುತ್ತದೆ. ಲೈನರಿನ ಹಿಡಿತವೂ ಶಾಖಕ್ಕೆ ಸೋಲುತ್ತದೆ. ಡಿಸ್ಕ್ ಹಾಗಲ್ಲ. ಅದು ಬಯಲಿನಲ್ಲಿ ತಿರುಗುವ ತಟ್ಟೆ. ಎರಡು ಮಗ್ಗುಲುಗಳಿಂದ ಪ್ಯಾಡುಗಳು ಅದನ್ನು ಚಿಮಟದಂತೆ ಹಿಡಿಯುತ್ತವೆ. ಕಾದು ದಪ್ಪವಾದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಗಾಳಿ ತಾಗಿ ಬೇಗ ಆರುತ್ತದೆ. ಮಳೆಯ ನೀರನ್ನು ಸಿಡಿಸಿ ಎಸೆಯುತ್ತದೆ. ಕರಾವಳಿಯ ಮಳೆಯಲ್ಲಿ ಮೊಳಕಾಲುದ್ದದ ನೀರು ದಾಟಿ ಬಂದ ಡ್ರಮ್ ಬ್ರೇಕಿನ ಕಾರು ಮೊದಲ ಎರಡು ಮೂರು ಸಲ ಹೇಗೆ ಕೈಕೊಡುತ್ತದೆಂಬುದನ್ನು ಓಡಿಸಿದವರೇ ಹೇಳಬೇಕು.

ಡಿಸ್ಕಿನ ಕಲ್ಪನೆ ಹೊಸದೇನೂ ಅಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದ. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಲೋಕ ಕಣ್ಣು ತೆರೆಯಿತು. 1955ರ ಸಿಟ್ರೋಯೆನ್ ಡಿಎಸ್ ಕಾರಿನ ಮೂಲಕ ಅದು ಸಾಮಾನ್ಯ ರಸ್ತೆಗೂ ಬಂದಿತು. ನಮ್ಮಲ್ಲಿ ಮಾತ್ರ ಪರವಾನಗಿಯ ಕಾಲ. ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರ್, ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯಟ್, ಎರಡೂ ದಶಕಗಟ್ಟಲೆ ಡ್ರಮ್ಮನ್ನೇ ಹೊತ್ತು ತಿರುಗಿದವು. ಆ ಫಿಯಟ್‌ಗೆ ಮುಂದೆ ಪದ್ಮಿನಿಯೆಂದು ರಾಣಿಯ ಹೆಸರಿಟ್ಟರು, ಬ್ರೇಕು ಬದಲಾಯಿಸಲಿಲ್ಲ. ನಾಮಕರಣದಲ್ಲಿ ನಮ್ಮ ದೇಶ ಎಂದೂ ಹಿಂದೆ ಬಿದ್ದದ್ದಿಲ್ಲ.

ಅಂಬಾಸಡರ್‌ನ ಕೊನೆಯ ಕಾಲದ ಮಾದರಿಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂದಿತು. 2014ರಲ್ಲಿ ತಯಾರಿಕೆಯೇ ನಿಂತಿತು. ಹಳೆಯ ಟ್ಯಾಕ್ಸಿಗಳೂ ಸರಕಾರಿ ಕಾರುಗಳೂ ಒಂದೊಂದಾಗಿ ಗುಜರಿ ಸೇರಿದವು. ನನ್ನ ಅಳಿಯನ ಯೋಜನೆಯ ತಿರುಳು ಇದರಲ್ಲಿತ್ತು. ಬೇರೆ ಜಾತಿಯ ಕಾರಿನ ಡಿಸ್ಕನ್ನು ತಂದು, ನಡುವೆ ಕಬ್ಬಿಣದ ತಟ್ಟೆ ಬೆಸೆದು ಕೂರಿಸುವ ಸಾಹಸಿಗಳು ಇದ್ದಾರೆ. ಅದು ಒಂದು ಕಾವ್ಯದ ಸಂಧಿಯನ್ನು ಇನ್ನೊಂದಕ್ಕೆ ಸೇರಿಸಿದಂತೆ. ಛಂದಸ್ಸು ಹೊಂದಿದರೂ ಕಥೆ ಹೊಂದುವುದಿಲ್ಲ. ಅಂಬಾಸಡರ್‌ನ ಮುಂಗಾಲಿಗಳ ಜೋಡಣೆಯ ಮೂಲ ವಿನ್ಯಾಸವೋ ಬಹುಕಾಲ ಹೆಚ್ಚು ಬದಲಾಗಿರಲಿಲ್ಲ. ತಂಗಿಯ ಒಡವೆಯನ್ನು ಅಕ್ಕ ತೊಟ್ಟಂತೆ, ತಮ್ಮದೇ ವಂಶದ ಕಿರಿಯ ಕಾರಿನಿಂದ ಹಬ್, ಸ್ಟಬ್ ಆಕ್ಸಲ್, ಡಿಸ್ಕ್, ಕ್ಯಾಲಿಪರ್‌ಗಳನ್ನು ಇಡಿಯಾಗಿ ಇಳಿಸಿಕೊಳ್ಳುವುದು ಸಾಧ್ಯವಿತ್ತು. ಹಾಗೆಂದು ಅಳೆಯದೆ ತರುವುದಲ್ಲ. ವರ್ಷದಿಂದ ವರ್ಷಕ್ಕೆ ಕಾರ್ಖಾನೆಯವರು ಸದ್ದಿಲ್ಲದೆ ಮಾಡಿದ ಸಣ್ಣ ಬದಲಾವಣೆಗಳು ಪಾಠಾಂತರಗಳಿದ್ದಂತೆ. ಎರಡನ್ನೂ ಎದುರುಬದುರಿಟ್ಟು ನೋಡಿದಾಗಲೇ ಕಾಣುವುದು.

ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ, ಕೊಲ್ಕತ್ತದ ಮಲ್ಲಿಕ್ ಬಜಾರ್, ನಮ್ಮ ಬೆಂಗಳೂರಿನ ಶಿವಾಜಿನಗರ: ಇವು ಸತ್ತ ವಾಹನಗಳ ಭಾಗಗಳಿಗೆ ಹೆಸರಾದ ಸ್ಥಳಗಳು. ನಾವು ಹೋದದ್ದು ಒಂದು ಸಣ್ಣ ಊರಿನ ಹೊರಗಿನ ಅಂಗಳಕ್ಕೆ. ಜೊತೆಗೆ ನಮ್ಮ ಮೇಸ್ತ್ರಿಗಳೂ ಬಂದಿದ್ದರು. ಎಪ್ಪತ್ತು ದಾಟಿದ ಅವರು ಭಾವನವರ ಕಾಲದಿಂದ ಆ ಕಾರನ್ನು ಬಲ್ಲವರು. ಅಂಗಡಿಯವನು ಭಾಗಗಳನ್ನು ಮುಂದೆ ಸುರಿದು ಬೆಲೆ ಹೇಳತೊಡಗಿದರೆ, ಮೇಸ್ತ್ರಿಗಳು ಅವನ್ನು ಮುಟ್ಟದೆ, “ಮೊದಲು ಇವು ಇಳಿದ ಗಾಡಿ ತೋರಿಸಪ್ಪ” ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಮುಂಭಾಗ ನಜ್ಜುಗುಜ್ಜಾದ ಕಾರಿನ ಸ್ಟಬ್ ಆಕ್ಸಲ್ ಕಣ್ಣಿಗೆ ನೇರವಾಗಿ ಕಂಡರೂ ಒಳಗೆ ಬಾಗಿರಬಹುದು, ಬಿರಿದಿರಬಹುದು. ಹಿಂದಿನಿಂದ ಗುದ್ದಿಸಿಕೊಂಡು ಬಂದ ಕಾರು ನಮಗೆ ಒಳ್ಳೆಯದು. ಎಂಜಿನ್ ಸತ್ತು ನಿಂತದ್ದು ಇನ್ನೂ ಒಳ್ಳೆಯದು. ನೆರೆಯಲ್ಲಿ ಮುಳುಗಿದ್ದು ಬೇಡ.

ಗುಜರಿಯಿಂದ ತರಬಹುದಾದದ್ದು ಯಾವುದು, ತರಬಾರದ್ದು ಯಾವುದು ಎಂಬ ವಿವೇಕವೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಎರಕದ ಕಬ್ಬಿಣ, ಉಕ್ಕು ಮುದಿಯಾಗುವುದು ನಿಧಾನ. ರಬ್ಬರು ಮುದಿಯಾಗುವುದು ಬೇಗ. ಆದುದರಿಂದ ಹೋಸ್ ಪೈಪು, ಸೀಲು, ಪ್ಯಾಡು, ಬ್ರೇಕ್ ಆಯಿಲ್, ಇವೆಲ್ಲ ಹೊಸದೇ ಆಗಬೇಕು. ಕ್ಯಾಲಿಪರ್ ಹಳೆಯದಾಗಬಹುದು, ಆದರೆ ಬಿಚ್ಚಿ ಒಳಗಿನ ಪಿಸ್ಟನ್ನಿನ ಮೈಮೇಲೆ ತುಕ್ಕಿನ ಕುಳಿಗಳಿವೆಯೇ ಎಂದು ಉಗುರಿನಿಂದ ಸವರಿ ನೋಡಬೇಕು. ಡಿಸ್ಕಿನ ದಪ್ಪವನ್ನು ಒಂದೆಡೆಯಲ್ಲ, ಸುತ್ತ ಏಳೆಂಟು ಕಡೆ ಅಳೆಯಬೇಕು; ತಯಾರಕರು ಗೊತ್ತುಮಾಡಿದ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ ಎಷ್ಟೇ ಹೊಳೆಯುತ್ತಿದ್ದರೂ ಅದು ತೂಕದ ಕಬ್ಬಿಣವೇ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ಬಡಿದು ಕೇಳುವುದಿಲ್ಲವೆ? ಮೇಸ್ತ್ರಿಗಳು ಡಿಸ್ಕನ್ನು ದಾರದಲ್ಲಿ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ಬಡಿದರು. ಒಂದು ಠಣ್ಣೆಂದಿತು. ಇನ್ನೊಂದು ಬೊದ್ದೆಂದಿತು. ಬೊದ್ದೆಂದದ್ದನ್ನು ಅವರು ಮರುಮಾತಿಲ್ಲದೆ ಬದಿಗಿಟ್ಟರು.

ಸ್ಟಬ್ ಆಕ್ಸಲ್ಲಿನ ಪರೀಕ್ಷೆ ಇನ್ನೂ ಸೊಗಸಾದದ್ದು. ಅದನ್ನು ಚೆನ್ನಾಗಿ ತೊಳೆದು, ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ, ಮಾರನೆಯ ದಿನ ಒರೆಸಿ ಒಣಗಿಸಿ, ಮೈತುಂಬ ಸೀಮೆಸುಣ್ಣದ ಪುಡಿ ಬಳಿದರು. ಕೂದಲೆಳೆಯ ಬಿರುಕಿದ್ದರೂ ಅದರೊಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ ಬಿಳುಪಿನ ಮೇಲೆ ಗೆರೆಯಾಗಿ ಮೂಡುತ್ತದೆ. ನಾವು ತಂದ ಎರಡರಲ್ಲಿ ಬಲಗಡೆಯದು ನಿರ್ಮಲವಾಗಿ ಉಳಿಯಿತು. ಎಡಗಡೆಯದರಲ್ಲಿ, ದಂಡವು ಬುಡವನ್ನು ಸೇರುವ ಮೂಲೆಯಲ್ಲಿ, ಅರ್ಧ ಅಂಗುಲದ ಒಂದು ಕಪ್ಪು ಗೆರೆ ನಿಧಾನವಾಗಿ ಮೂಡಿತು. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದವನು ನಾನು. ಅದು ಇಷ್ಟು ಪ್ರಯೋಜನಕರವಾದ ಒಂದು ಗೆರೆಯನ್ನು ತೋರಿಸಿದ್ದನ್ನು ಅಂದೇ ಕಂಡದ್ದು.

ಅಳಿಯ ಕೊಂಚ ಅಳುಕಿದ. “ಮಾವ, ಇಷ್ಟು ಸಣ್ಣದು. ಬೆಸುಗೆ ಹಾಕಿಸಿದರೆ ಆಗದೆ?” ಎಂದ. ನಾನು ಉತ್ತರಿಸುವ ಮೊದಲೇ ಮೇಸ್ತ್ರಿಗಳು ಹೇಳಿದರು: “ಬೆಸುಗೆ ಹಾಕುವವರು ಸಿಗ್ತಾರೆ ಸ್ವಾಮಿ. ಅದನ್ನು ಗಾಡಿಗೆ ಹಾಕುವವನು ನಾನಲ್ಲ.” ಇನ್ನೊಂದು ಸಿಕ್ಕಲು ಎರಡು ತಿಂಗಳು ಹಿಡಿಯಿತು. ಕಾರು ಅಷ್ಟು ದಿನವೂ ಇಟ್ಟಿಗೆಗಳ ಮೇಲೆ ಕುಳಿತಿತ್ತು. ಬೀದಿಯವರು ಬಂದು ಬಂದು ಸಹಾನುಭೂತಿ ಸೂಚಿಸಿ ಹೋದರು.

ಡಿಸ್ಕ್ ಸಿಕ್ಕಿತೆಂದರೆ ಕೆಲಸ ಮುಗಿಯಿತೆಂದು ತಿಳಿಯುವವರೇ ಬಹಳ. ಅರ್ಧ ಕೆಲಸ ಇರುವುದು ಕಾಣದ ಎಣ್ಣೆಯ ಕೊಳವೆಗಳಲ್ಲಿ. ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲನ ಹದಿನೇಳನೆಯ ಶತಮಾನದ ಸೂತ್ರವೇ ಇಲ್ಲಿ ದುಡಿಯುವುದು. ಪೆಡಲಿನ ಬುಡದಲ್ಲಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗಿಂತ ಚಕ್ರದ ಪಿಸ್ಟನ್ ನಾಲ್ಕು ಪಟ್ಟು ವಿಸ್ತಾರವಾಗಿದ್ದರೆ ಬಲ ನಾಲ್ಕು ಪಟ್ಟಾಗುತ್ತದೆ. ಅದು ಚಲಿಸುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಪ್ರಕೃತಿ ಬಡ್ಡಿಯಿಲ್ಲದೆ ಸಾಲ ಕೊಡುವುದಿಲ್ಲ. ಕ್ಯಾಲಿಪರಿನ ದೊಡ್ಡ ಪಿಸ್ಟನ್ನಿಗೆ ಹೆಚ್ಚು ಎಣ್ಣೆ ಬೇಕು. ಹಳೆಯ ಮಾಸ್ಟರ್ ಸಿಲಿಂಡರ್ ಅದನ್ನು ಒದಗಿಸಲಾರದಿದ್ದರೆ ಪೆಡಲು ನೆಲ ಮುಟ್ಟುತ್ತದೆ. ಡ್ರಮ್ಮಿನ ಸಿಲಿಂಡರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಲು ತೆಗೆದ ಮೇಲೂ ಕೊಳವೆಯಲ್ಲಿ ಕೊಂಚ ಒತ್ತಡವನ್ನು ಹಿಡಿದಿಡುವ ಪುಟ್ಟ ಕವಾಟವೊಂದು ಅಲ್ಲಿರುತ್ತದೆ. ಡ್ರಮ್ಮಿಗೆ ಅದು ಹಿತ. ಡಿಸ್ಕಿಗೆ ಅದೇ ಅಪಾಯ. ಪ್ಯಾಡುಗಳು ಸದಾ ತಟ್ಟೆಯನ್ನು ಉಜ್ಜುತ್ತ, ಬ್ರೇಕು ಒತ್ತದಿದ್ದರೂ ಕಾಯುತ್ತ ಹೋಗುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಬೆಚ್ಚಿಸಿದ ಸಂಗತಿಯೆಂದರೆ, ಆ ಹಳೆಯ ಕಾರಿನ ನಾಲ್ಕು ಚಕ್ರಗಳಿಗೂ ಎಣ್ಣೆ ಒಂದೇ ದಾರಿಯಲ್ಲಿ ಹೋಗುತ್ತಿದ್ದುದು. ಎಲ್ಲಿಯಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಎರಡು ಕೋಣೆಗಳ ಮಾಸ್ಟರ್ ಸಿಲಿಂಡರನ್ನು ಹಾಕಿದರೆ ಮುಂದಿನದಕ್ಕೊಂದು, ಹಿಂದಿನದಕ್ಕೊಂದು ದಾರಿಯಾಗಿ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಡಿಸ್ಕಿಗೆ ಹಣ ಸಾಲದವರು ಇದೊಂದನ್ನಾದರೂ ಮಾಡಿಸುವುದು ಲೇಸೆಂದು ನನ್ನ ಅಭಿಪ್ರಾಯ. ಇದನ್ನು ಮಾತ್ರ ಅಳಿಯ ಹೊಸದನ್ನೇ ಕೊಂಡ. ನಾನೂ ಎರಡನೆಯ ಮಾತಾಡಲಿಲ್ಲ.

ಡ್ರಮ್ಮಿನಂತೆ ಡಿಸ್ಕ್ ತಾನಾಗಿ ಪ್ಯಾಡನ್ನು ಎಳೆದುಕೊಳ್ಳುವುದಿಲ್ಲವೆಂದೆನಲ್ಲ, ಆ ಕೊರತೆಯನ್ನು ತುಂಬುವುದು ಬೂಸ್ಟರ್. ಪೆಟ್ರೋಲ್ ಎಂಜಿನ್ ಗಾಳಿ ಹೀರುವಾಗ ಉಂಟಾಗುವ ನಿರ್ವಾತವನ್ನು ಬಳಸಿಕೊಂಡು ಅದು ಕಾಲಿನ ಬಲಕ್ಕೆ ತನ್ನ ಬಲವನ್ನು ಸೇರಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಈ ನಿರ್ವಾತ ಸಹಜವಾಗಿ ಒದಗದ ಕಾರಣ ಬೇರೆ ಪಂಪು ಬೇಕು. ಹಳೆಯ ಬೂಸ್ಟರನ್ನು ಪರೀಕ್ಷಿಸುವುದು ಸುಲಭ: ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾದ ಮೇಲೆ ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಬೇಕು. ಪೆಡಲು ತುಸು ಕೆಳಗಿಳಿದರೆ ಬೂಸ್ಟರಿಗೆ ಜೀವವಿದೆಯೆಂದು ಅರ್ಥ. ಇದರಿಂದಲೇ ಇನ್ನೊಂದು ಎಚ್ಚರಿಕೆಯೂ ಹೊರಡುತ್ತದೆ. ಪೆಟ್ರೋಲ್ ಉಳಿಸಲು ಘಾಟಿಯಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್ಲಿನಲ್ಲಿ ಇಳಿಯುವ ಹಳೆಯ ಚಾಲಕರ ಚಾಳಿಯೊಂದಿದೆ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಒತ್ತುಗಳಿಗೆ ಮುಗಿಯುತ್ತದೆ; ನಾಲ್ಕನೆಯ ತಿರುವಿನಲ್ಲಿ ಕಾಲ ಕೆಳಗೆ ಕಲ್ಲಿನಂಥ ಪೆಡಲು. ಆಗುಂಬೆಯ ತಿರುವುಗಳು ಹದಿನಾಲ್ಕು.

ಹಿಂದಿನ ಚಕ್ರಗಳಿಗೆ ಡ್ರಮ್ಮನ್ನೇ ಉಳಿಸಿದೆವು. ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದೇ. ಹಿಂದಿನವು ಮೊದಲು ಕಚ್ಚಿಕೊಂಡರೆ ಕಾರು ಬಾಲವನ್ನು ಮುಂದಕ್ಕೆ ತಿರುಗಿಸುತ್ತದೆ. ಎರಡಕ್ಕೂ ಹೊಂದಿಕೆ ಇರಬೇಕು. ಹಳೆಯ ಶೂಗಳ ಲೈನರುಗಳಲ್ಲಿ ಕಲ್ನಾರು ಇರುವುದು ಸಾಮಾನ್ಯ. ಆ ಧೂಳನ್ನು ಬಾಯಿಂದ ಊದುವ, ಗಾಳಿ ಹೊಡೆದು ಹಾರಿಸುವ ಗ್ಯಾರೇಜಿನ ರೂಢಿ ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮೇಸ್ತ್ರಿಗಳನ್ನು ಈ ಒಂದು ವಿಷಯದಲ್ಲಿ ಒಪ್ಪಿಸಲು ನಾನು ಒಂದು ಪೂರ್ತಿ ಪಿರಿಯಡ್ ಪಾಠ ಮಾಡಬೇಕಾಯಿತು.

ಕಾನೂನಿನ ಮಾತನ್ನು ಬಿಡುವಂತಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಒಂದೇ ಕಾರ್ಖಾನೆಯ ಭಾಗಗಳೆಂದು ನಾವೇ ತೀರ್ಮಾನಿಸಿ ಸುಮ್ಮನಿರುವುದಕ್ಕಿಂತ ನೋಂದಣಿ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ, ವಿಮೆಯವರಿಗೂ ಬರೆದು ತಿಳಿಸುವುದು ಕ್ಷೇಮ. ಅಳಿಯ ಹಾಗೆಯೇ ಮಾಡಿದ.

ಎಣ್ಣೆ ತುಂಬಿ, ಗ್ಯಾರೇಜಿನವರು ‘ಏರ್ ತೆಗೆಯುವುದು’ ಎನ್ನುವ ಕೆಲಸ ಒಂದು ಮಧ್ಯಾಹ್ನವೆಲ್ಲ ನಡೆಯಿತು. ಒಬ್ಬರು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿಯ ತಿರುಪನ್ನು ಸಡಿಲಿಸಿ ಗುಳ್ಳೆಗಳನ್ನು ಹೊರಬಿಡಬೇಕು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಒಂದು ಗುಳ್ಳೆ ಉಳಿದರೂ ಪೆಡಲು ಹತ್ತಿಯ ದಿಂಬು. ಈ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿಯೂ ಗಾಳಿಯಂತೆಯೇ ಕುಗ್ಗುವುದು. 1983ರಲ್ಲಿ ಭಾವನವರ ಕಾಲ ಕೆಳಗೆ ಪೆಡಲು ಜಾರಿ, ತಣಿದ ಮೇಲೆ ಮರಳಿ ಬಂದುದರ ಗುಟ್ಟಿನಲ್ಲಿ ಇದಕ್ಕೂ ಪಾಲಿದ್ದಿರಬೇಕು. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸುವುದು ಅಗ್ಗದ ವಿಮೆ.

ಮೊದಲ ಪರೀಕ್ಷೆ ಊರಾಚೆಯ ಖಾಲಿ ಬಯಲಿನಲ್ಲಿ, 20 ಕಿಲೋಮೀಟರ್ ವೇಗದಲ್ಲಿ, ಆಮೇಲೆ 40, ಹೊಸ ಪ್ಯಾಡುಗಳು ಡಿಸ್ಕಿಗೆ ಒಗ್ಗುವವರೆಗೆ ಮೆದುವಾದ ಹತ್ತಾರು ನಿಲುಗಡೆಗಳು, ಅನಂತರ ನೆಲಕ್ಕೆ ನೀರು ಹಾಕಿ. ಕೈಬಿಟ್ಟರೂ ಸ್ಟಿಯರಿಂಗ್ ಯಾವ ಕಡೆಗೂ ಎಳೆಯಲಿಲ್ಲ. ದೀಪಾವಳಿಗೆ ಅಕ್ಕ ಮೊಮ್ಮಕ್ಕಳೊಡನೆ ಆ ಕಾರಿನಲ್ಲಿಯೇ ಘಾಟಿ ಇಳಿದಳು. ಮುಂದಿನ ಸೀಟಿನ ಬೆನ್ನನ್ನು ಸೋಮೇಶ್ವರ ಬರುವ ತನಕ ಎರಡು ಕೈಗಳಿಂದಲೂ ಹಿಡಿದುಕೊಂಡಿದ್ದಳೆಂದು ಅಳಿಯ ಹೇಳಿದ. ಅವನು ಇಳಿದದ್ದು ಎರಡನೆಯ ಗೇರಿನಲ್ಲಿ, ಎಂಜಿನ್ನಿಗೂ ಅದರ ಪಾಲಿನ ಕೆಲಸ ಕೊಟ್ಟು.

ಸಾವಿರ ಕಿಲೋಮೀಟರ್ ಆದ ಮೇಲೆ ಚಕ್ರ ಬಿಚ್ಚಿ ನೋಡಿದಾಗ ಎಡಗಡೆಯ ಪ್ಯಾಡು ಬಲಗಡೆಯದಕ್ಕಿಂತ ಸ್ವಲ್ಪ ಹೆಚ್ಚು ಸವೆದಿತ್ತು. ಎಡ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ಸರಿಯಲು ಹಿಂಜರಿಯುತ್ತಿದೆಯೆಂದು ಮೇಸ್ತ್ರಿಗಳು ಕಂಡುಹಿಡಿದು, ಪಿಸ್ಟನ್ನನ್ನೂ ಸೀಲನ್ನೂ ಹೊಸದಾಗಿ ಹಾಕಿದರು. ಬರುವ ತಿಂಗಳು ಮತ್ತೆ ಬಿಚ್ಚಿ ನೋಡುವುದಿದೆ.